ಖಾಲಿ ತೊಟ್ಟಿಲು ತೂಗಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ದೆವ್ವ ಹಿಡಿದಿರಲಿಲ್ಲ. ಹಿಡಿದಿದ್ದರೆ ಚೆನ್ನಾಗಿತ್ತು, ದೆವ್ವವನ್ನಾದರೂ ಬೈಯಬಹುದು; ನನ್ನ ಬಾಯಿ ಆಗಲೂ ಜೋರು, ಈಗಲೂ ಜೋರು. ನಾನು ಹೆದರುತ್ತಿದ್ದದ್ದು ನನ್ನ ಕೈಗಳಿಗೆ. ಅವನ್ನು ಬೈದರೆ ಏನು ಬಂತು?

ತವರಿನಲ್ಲಿ ಹೆತ್ತು, ಐದನೇ ತಿಂಗಳಿಗೆ ಕೂಸನ್ನೂ ತೊಟ್ಟಿಲನ್ನೂ ತೆಗೆದುಕೊಂಡು ಮೊಗುಡಂಪಲ್ಲಿಯ ಗಂಡನ ಮನೆಗೆ ಬಂದಿದ್ದೆ. ತವರು ಬೀದರ ಕಡೆ. ಪ್ರಾಂತ ಒಡೆದಾಗ ಅದು ಮೈಸೂರಿಗೆ ಹೋಯಿತು, ಇದು ಆಂಧ್ರಕ್ಕೆ ಹೋಯಿತು. ನಡುವೆ ಇದ್ದದ್ದು ಒಂದಿಷ್ಟು ತೊಗರಿ ಹೊಲ. ಬಂದ ಹೊಸದರಲ್ಲಿ ಒಂದು ಬೆಳಗ್ಗೆ ಬಾವಿಗೆ ಬಟ್ಟೆ ಒಗೆಯಲು ಹೋದೆ. ಕೂಸು ಸುಜಾತಾ ಗೋಣಿಚೀಲದ ಮೇಲೆ ಮಲಗಿತ್ತು, ಎದ್ದು ಅಳತೊಡಗಿತು. ಎತ್ತಿಕೊಂಡು ನಿಂತೆ. ಕೆಳಗೆ ನೀರು ಕಂಡಿತು. ಕೈ ಬಿಟ್ಟರೆ? ಇಷ್ಟೇ. ಯಾರೋ ಕಿವಿಯಲ್ಲಿ ಹೇಳಿದ್ದಲ್ಲ, ನನ್ನದೇ ತಲೆಯಲ್ಲಿ ಬಂದ ಮಾತು. ಕೂಸನ್ನು ಎದೆಗೆ ಒತ್ತಿಕೊಂಡು, ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಅತ್ತೆಯ ಮಡಿಲಿಗೆ ಹಾಕಿಬಿಟ್ಟೆ.

ಆವತ್ತಿನಿಂದ ನಾನು ಕೂಸನ್ನು ಎತ್ತಲಿಲ್ಲ. ಅತ್ತೆ ಹಿಡಿದುಕೊಳ್ಳಬೇಕು, ನಾನು ಹಾಲು ಕೊಡಬೇಕು. ಅಷ್ಟು ಹೊತ್ತೂ ನನ್ನ ಎರಡು ಕೈ ತೊಡೆಯ ಕೆಳಗೆ. ಈಳಿಗೆ ಕಂಡರೆ ಮುಖ ತಿರುಗಿಸುತ್ತಿದ್ದೆ. ನೀರಿಗೆ ದೂರದ ಬೋರಿಂಗಿಗೆ ಹೋಗುತ್ತಿದ್ದೆ. ಕೂಸು ಅತ್ತರೆ ಅತ್ತೆಯನ್ನು ಕೂಗುತ್ತಿದ್ದೆ. ಯಾರಿಗೂ ಹೇಳಲಿಲ್ಲ. ನಮ್ಮ ಓಣಿಯಲ್ಲಿ ಬಂಡಮ್ಮ ಎಂಬುವಳು ತನ್ನಷ್ಟಕ್ಕೆ ತಾನು ಮಾತಾಡಿಕೊಳ್ಳುತ್ತಿದ್ದಳು ಎಂದು ಅವಳನ್ನು ಯಾವುದೋ ಗುಡಿಗೆ ಒಯ್ದು ಕಂಬಕ್ಕೆ ಸರಪಳಿ ಹಾಕಿ ಕೂಡಿಸಿದ್ದರು. ಅವಳು ಮಾಡಿದ್ದು ಬರೀ ಮಾತು. ನನ್ನ ತಲೆಯೊಳಗಿನದು ಗೊತ್ತಾದರೆ ನನ್ನನ್ನು ಏನು ಮಾಡಿಯಾರು?

ಅತ್ತೆಯ ಹೆಸರು ಹಣಮಮ್ಮ. ಮಾವ ಬದುಕಿದ್ದಾಗಲೇ ಮನೆಯವರೆಲ್ಲ ದೀಕ್ಷೆ ತೆಗೆದುಕೊಂಡು ಬೌದ್ಧರಾಗಿದ್ದರು. ಗೂಡಿನಲ್ಲಿದ್ದ ದೇವರೆಲ್ಲ ಹೊರಗೆ, ಬುದ್ಧನ ಫೋಟೋ ಒಳಗೆ. ಆಗ ಯಾರೋ ಹೆಸರು ಬದಲಿಸಿಕೋ ಎಂದರಂತೆ. "ಹಣಮಮ್ಮ ಅಂತ ಕರೆದ್ರ ಓ ಅನ್ನಾಕ ರೂಢಿ ಆಗ್ಯದ, ಅದೊಂದು ಬಿಡ್ರಿ" ಎಂದಳಂತೆ. ಉಳಿದದ್ದರಲ್ಲಿ ಬಲು ಖಡಕ್ಕು. ಹಬ್ಬ ಬಿಟ್ಟಳು, ಹರಕೆ ಬಿಟ್ಟಳು, ಬೀಸುವ ಹಾಡಿನಲ್ಲಿ ದೇವಿಯ ಹೆಸರು ಬರುತ್ತದೆ ಎಂದು ಹಾಡನ್ನೂ ಬಿಟ್ಟಳು. ಊರಿಗೆ ಹಿಟ್ಟಿನ ಗಿರಣಿ ಬಂದದ್ದು ಅವಳಿಗೆ ಅನುಕೂಲವೇ ಆಯಿತು. ಬೀಸುವ ಕಲ್ಲು ಮೂಲೆ ಸೇರಿತು.

ನನ್ನ ಗಂಡ ಮಾಣಿಕ. ಗಂಡನ ಹೆಸರು ಬಾಯಲ್ಲಿ ತರಬಾರದಂತೆ. ನಾನು ತರುತ್ತೇನೆ, ಏನಾಗುತ್ತದೆ ನೋಡೋಣ. ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ಒಳ್ಳೆಯವನೇ, ಆದರೆ ಹೆದರಿದಾಗ ಸಿಟ್ಟು ಮಾಡುವ ಜಾತಿ. "ಹಡದಾಕಿ ಕೂಸು ಮುಟ್ಟಂಗಿಲ್ಲಂದ್ರ ಹ್ಯಾಂಗ?" ಎಂದು ಕೆಲವು ದಿನ ಕೂಗಾಡಿದ. ಆಮೇಲೆ ಒಂದು ದಿನ ಕೂಗಾಡದೆ ಹೇಳಿದ: "ಹುಣ್ಣಿಮಿ ಆದ ಮ್ಯಾಲೆ ತಾಂಡೂರಿನ ಅಕ್ಕ ಬಂದು ಕೂಸಿಗಿ ಒಯ್ತಾಳ. ಆಕಿಗಿ ಮಕ್ಕಳಿಲ್ಲ. ಅಲ್ಲೇ ಬೆಳೀಲಿ." ತಾಂಡೂರಿನ ಅಕ್ಕ ಎಂದರೆ ಬಾಲಮಣಿ. ಅವಳ ಗಂಡ ಅಲ್ಲಿ ಹಾಸುಗಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದ. ಒಂದು ಸಲ ಹೋದ ಕೂಸು ತಿರುಗಿ ನನ್ನನ್ನು ಅವ್ವಾ ಎನ್ನುವುದಿಲ್ಲ, ಅದು ನನಗೆ ಗೊತ್ತಿತ್ತು. ಬೇಡ ಎನ್ನಲು ಬಾಯಿ ತೆರೆದೆ. ತಾಂಡೂರಿನಲ್ಲಿದ್ದರೆ ನನ್ನ ಕೈಯಿಂದಾದರೂ ಉಳಿಯುತ್ತದಲ್ಲ ಎನ್ನಿಸಿತು. ಬಾಯಿ ಮುಚ್ಚಿಕೊಂಡೆ.

ಅತ್ತೆಗೆ ಮನಸ್ಸು ತಡೆಯಲಿಲ್ಲ. "ಒಂದ್ಸಲ ದವಾಖಾನಿಗಿ ತೋರಿಸಿ ನೋಡಮು" ಎಂದು ಜಹೀರಾಬಾದಿಗೆ ಕರೆದುಕೊಂಡು ಹೋದಳು. ಡಾಕ್ಟರು ತೆಲುಗಿನಲ್ಲಿ ಕೇಳಿದರು. ನನಗೆ ಬಜಾರದ ತೆಲುಗು ಚೆನ್ನಾಗಿ ಬರುತ್ತದೆ, ಬದನೆಕಾಯಿಗೆ ಜಗಳ ಮಾಡುವಷ್ಟು. ಹೆದರಿಕೆ ಹೇಳುವ ತೆಲುಗು ಬರುತ್ತಿರಲಿಲ್ಲ. ಸುಮ್ಮನೆ ಕೂತೆ. ಅವರು ನಿದ್ದೆಗೆ ಗುಳಿಗೆ ಬರೆದು, ಪಕ್ಕದ ಕೋಣೆಗೆ ಹೋಗಿ ಎಂದರು.

ಪಕ್ಕದ ಕೋಣೆಯಲ್ಲಿದ್ದವರು ಕೌಶಲ್ಯಾಬಾಯಿ. ಎಲ್ಲರೂ ಹಾಡಿನ ಬಾಯಿ ಅನ್ನುತ್ತಿದ್ದರು. ನಾರಾಯಣಖೇಡದ ಒಕ್ಕಲಿಗರ ಮನೆಯ ಹೆಣ್ಣುಮಗಳು. ಮನಸ್ಸು ಕೆಟ್ಟವರನ್ನು ಮಾತಿನಿಂದ, ಹಾಡಿನಿಂದ ದಾರಿಗೆ ತರುವುದನ್ನು ಪುಣೆಯಲ್ಲೋ ಎಲ್ಲೋ ಕಲಿತು ಬಂದಿದ್ದರು. ನಾವು ಹೋದಾಗ ಅಲ್ಲಿ ಬುರ್ಖಾ ಹಾಕಿದ ಒಬ್ಬ ಮುದುಕಿ ಕಣ್ಣು ಮುಚ್ಚಿ ಏನೋ ಗುನುಗುತ್ತಿದ್ದಳು, ಬಾಯಿಯವರು ಸುಮ್ಮನೆ ಕೇಳುತ್ತ ಕೂತಿದ್ದರು. ಇದೇನು ದವಾಖಾನೆಯೋ ಭಜನೆಯ ಮಂಡಳಿಯೋ ಎಂದುಕೊಂಡೆ. ಗೋಡೆಗೆ ಒಂದು ಹಲಗೆ ತೂಗುಹಾಕಿತ್ತು. ಅದೇ, ಚರ್ಮದ ಹಲಗೆ.

ಮುದುಕಿ ಹೋದ ಮೇಲೆ ನನ್ನನ್ನು ಕೂಡಿಸಿಕೊಂಡರು. ನಿನಗೇನಾಗಿದೆ ಎಂದು ಕೇಳಲಿಲ್ಲ. "ಯಾವ ಸಪ್ಪಳ ಕೇಳಿದ್ರ ನಿಮಗ ಸೇರಂಗಿಲ್ಲರಿ?" ಎಂದರು, ಕನ್ನಡದಲ್ಲಿ, ನಮ್ಮ ಕನ್ನಡದಲ್ಲಿ.

ನಾನು ಗೋಡೆಯ ಕಡೆ ನೋಡಿದೆ. "ಅದು," ಎಂದೆ. "ನಮ್ಮಪ್ಪ ಊರವರ ಹೆಣದ ಮುಂದ ಬಾರಸ್ತಿದ್ದ. ಬಾರಸಂಗಿಲ್ಲ ಅಂದಿದ್ದಕ್ಕ ಹೊಡದಿದ್ರು."

ಬಾಯಿಯವರು ಎದ್ದರು, ಹಲಗೆಯನ್ನು ಗೋಡೆಯಿಂದ ತೆಗೆದರು, ಹೊರಗೆ ಒಯ್ದು ಇಟ್ಟು ಬಂದರು. "ನೀವು ಬರೂದು ಮುಗಿಯೋತನ ಅದು ಒಳಗ ಬರಂಗಿಲ್ಲ," ಎಂದರು. ಮತ್ತೆ ಆ ಮಾತು ಎತ್ತಲಿಲ್ಲ. ಅವರ ಮೇಲೆ ನನಗೆ ಮೊದಲ ಸಲ ನಂಬಿಕೆ ಬಂದದ್ದು ಆಗ. ಆದರೂ ಬಾವಿಯ ಮಾತು ಹೇಳಲಿಲ್ಲ. ಕೂಸನ್ನು ಎತ್ತಲು ಹೆದರಿಕೆ ಆಗುತ್ತದೆ ಎಂದಷ್ಟೇ ಹೇಳಿದೆ. ಹುಣ್ಣಿಮೆಯ ನಂತರ ಕೂಸು ಹೋಗುತ್ತದೆ ಎಂದು ಅತ್ತೆ ಹೇಳಿದಳು. "ಹಂಗಾದ್ರ ನಾನೇ ಮನಿಗಿ ಬರ್ತೀನಿ" ಎಂದರು ಬಾಯಿಯವರು.

ಮಾತಿನಂತೆ ಬಸ್ಸು ಹಿಡಿದು ಬಂದರು. ಬಂದವರೇ ಕೆಲಸಕ್ಕೆ ಕೈ ಹಚ್ಚಲಿಲ್ಲ. ಚಾ ಕುಡಿದರು, ನಮ್ಮ ನೀರು ಕುಡಿದರು, ಬುದ್ಧನ ಫೋಟೋ ನೋಡಿದರು, ತೊಟ್ಟಿಲು ನೋಡಿದರು. ಆಮೇಲೆ ಅತ್ತೆಯನ್ನು ಕೇಳಿದರು: "ಹಣಮವ್ವಾ, ತಪ್ಪು ತಿಳೀಬ್ಯಾಡ್ರಿ. ಕೂಸು ತೊಟ್ಟಿಲದ್ದು ಶಕುನ ಗಿಕುನ ನೀವು ನಂಬ್ತೀರೇನ್ರಿ?"

ಅತ್ತೆ ಎದೆ ಸೆಟೆಸಿ ಹೇಳಿದಳು: "ನಾವು ಬೌದ್ಧರಿದ್ದೀವ್ರಿ ಬಾಯೇರ. ಅದೆಲ್ಲ ಎಂದೋ ಬಿಟ್ಟೀವಿ."

ಹೇಳಿ ಹೊಲಕ್ಕೆ ಹೋದಳು, ಸುಜಾತಾಳನ್ನು ಸೀರೆಯಲ್ಲಿ ಬೆನ್ನಿಗೆ ಕಟ್ಟಿಕೊಂಡು. ಬಾಯಿಯವರು ನನಗೆ ಹೇಳಿದರು, ಮೊದಲು ಕೂಸಿಲ್ಲದೆ ಕೈಗೆ ರೂಢಿ ಮಾಡಿಸೋಣ, ಆಮೇಲೆ ಕೂಸು. ತೊಟ್ಟಿಲಲ್ಲಿ ಒಂದು ತಲೆದಿಂಬು ಇಟ್ಟರು. ನಾನು ಹಗ್ಗ ಹಿಡಿದೆ. ಅವರು ಮೆಲ್ಲಗೆ ಗುನುಗಿದರು, ನಾನು ಗುನುಗಿದೆ. ತೊಟ್ಟಿಲು ಹೋಯಿತು, ಬಂತು. ನನ್ನ ಕೈ ಹೇಳಿದ ಮಾತು ಕೇಳುತ್ತಿದ್ದವು. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು.

ಖಾಲಿ ತೊಟ್ಟಿಲು ತೂಗಬಾರದು ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಯಿಯವರಿಗೂ ಗೊತ್ತಿತ್ತು, ಅದಕ್ಕೇ ಕೇಳಿದ್ದು. ಖಾಲಿ ತೊಟ್ಟಿಲು ತೂಗಿದರೆ ಅದರ ಕೂಸು ಉಳಿಯುವುದಿಲ್ಲ ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾವು ಬೌದ್ಧರು ಎಂದಮೇಲೆ ಮುಗಿಯಿತಲ್ಲ ಎಂದು ಮೂವರೂ ನಂಬಿಕೊಂಡಿದ್ದೆವು.

ಅತ್ತೆ ಮೇವು ಹೊತ್ತು ಬಾಗಿಲಿಗೆ ಬಂದಳು. ತೂಗುತ್ತಿರುವ ತೊಟ್ಟಿಲು ನೋಡಿದಳು, ಅದರೊಳಗಿನ ತಲೆದಿಂಬು ನೋಡಿದಳು. ಮೇವಿನ ಹೊರೆ ಅಲ್ಲೇ ಬಿತ್ತು. ಓಡಿ ಬಂದು ಎರಡೂ ಕೈಯಿಂದ ತೊಟ್ಟಿಲನ್ನು ತಬ್ಬಿ ನಿಲ್ಲಿಸಿದಳು. ಮುಖದಲ್ಲಿ ರಕ್ತವಿರಲಿಲ್ಲ. ಬೈದಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಸಂಜೆಗೆ ಕೂಸಿಗೆ ಜ್ವರ ಬಂತು.

ನೀವು ಹೇಳಬಹುದು, ಬಿಸಿಲಿನಲ್ಲಿ ಹೊಲಕ್ಕೆ ಒಯ್ದದ್ದಕ್ಕೆ ಬಂತು ಎಂದು. ಈಗ ನಾನೂ ಹಾಗೇ ಹೇಳುತ್ತೇನೆ. ಆಗ ನನಗೆ ಕಂಡದ್ದು ಒಂದೇ: ನನ್ನ ಕೈಗಳು ಬಾವಿಯ ಹತ್ತಿರ ಮಾಡದ್ದನ್ನು ತೊಟ್ಟಿಲ ಹತ್ತಿರ ಮಾಡಿಬಿಟ್ಟವು. ಕೂಸು ಕೆಂಡದಂತೆ ಸುಡುತ್ತಿತ್ತು, ನಾನು ಮುಟ್ಟುವಂತಿರಲಿಲ್ಲ. ಮೂಲೆಯಲ್ಲಿ ಕೂತು ಸೆರಗಿನಿಂದ ನನ್ನ ಮಣಿಕಟ್ಟುಗಳನ್ನು ಕಟ್ಟಿಕೊಂಡೆ, ಹಲ್ಲಿನಿಂದ ಗಂಟು ಬಿಗಿದೆ. ಮಾಣಿಕ ಅದನ್ನು ನೋಡಿದ. ನೋಡಿ, ಹುಣ್ಣಿಮೆ ತನಕ ಕಾಯುವುದು ಬೇಡ, ಕೂಡಲೇ ಬಾ ಎಂದು ತಾಂಡೂರಿಗೆ ಹೇಳಿ ಕಳಿಸಿದ. ಅತ್ತೆ ಬೇವಿನ ಸೊಪ್ಪನ್ನೂ ಒಂದು ಇದ್ದಿಲ ತುಂಡನ್ನೂ ಚಿಂದಿಯಲ್ಲಿ ಸುತ್ತಿ ತೊಟ್ಟಿಲ ತಳಕ್ಕೆ ಕಟ್ಟಿದಳು, ಬುದ್ಧನ ಫೋಟೋಗೆ ಬೆನ್ನು ಮಾಡಿಕೊಂಡು.

ಜ್ವರ ಮರುದಿನ ಇಳಿಯಿತು. ನನ್ನ ಹೆದರಿಕೆ ಇಳಿಯಲಿಲ್ಲ; ಕೂಸು ಹತ್ತಿರ ಇದ್ದಾಗೆಲ್ಲ ಮಣಿಕಟ್ಟಿಗೆ ಸೆರಗು ಕಟ್ಟಿಕೊಂಡೇ ಕೂರುತ್ತಿದ್ದೆ. ಅದರ ಮರುದಿನ ಬೆಳಗ್ಗೆ ಮಾಣಿಕ ಅಕ್ಕನನ್ನು ಕರೆತರಲು ಜಹೀರಾಬಾದಿನ ಬಸ್ ಸ್ಟ್ಯಾಂಡಿಗೆ ಹೋದ. ಅವನು ಹೋದ ಸ್ವಲ್ಪ ಹೊತ್ತಿಗೆ ಕೌಶಲ್ಯಾಬಾಯಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತರು. ತೊಟ್ಟಿಲ ತಳದ ಗಂಟು ಅವರಿಗೆ ಅಲ್ಲಿಂದಲೇ ಕಂಡಿತು.

"ತಪ್ಪು ನಂದು, ಹಣಮವ್ವಾ," ಎಂದರು. "ನಂಬ್ತೀರೇನು ಅಂತ ಕೇಳಿದೆ. ಹೆದರ್ತೀರೇನು ಅಂತ ಕೇಳಬೇಕಾಗಿತ್ತು."

ಅತ್ತೆ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ತಾನು ಕಟ್ಟಿದ ಗಂಟಿನ ಕಡೆ ನೋಡಿದಳು. ಆಮೇಲೆ, "ಬಿಟ್ಟೀನಿ ಅಂದ್ರ ಬಿಡ್ತದೇನ್ರಿ ಅದು? ನಂಬಿಕಿ ಹೋಗ್ಯದ, ಹೆದರಿಕಿ ಉಳದದ" ಎಂದಳು. ತನಗೇ ಹೇಳಿಕೊಂಡಂತಿತ್ತು. "ಒಳಗ ಬರ್ರಿ. ಹೊಸ್ತಿಲದಾಗ ನಿಂದರಬ್ಯಾಡ್ರಿ, ಅದೂ ಚಲೋ ಅಲ್ಲ."

ಬಾಯಿಯವರಿಗೆ ನಗು ಬಂತು, ತಡೆದುಕೊಂಡು ಒಳಗೆ ಬಂದು ನೆಲದ ಮೇಲೆ ಕೂತರು. ಈ ಸಲ ತಾವಾಗಿ ಏನೂ ಮಾಡಿಸಲಿಲ್ಲ. "ನಿಮ್ಮ ಕಾಲದಾಗ ಕೈ ತುಂಬ ಕೆಲಸ ಇದ್ದಾಗ ಕೂಸಿಗಿ ಎಲ್ಲಿ ಹಾಕ್ಕೋತಿದ್ರಿ?" ಎಂದು ಅತ್ತೆಯನ್ನು ಕೇಳಿದರು.

"ಎಲ್ಲಿ ಹಾಕ್ಕೋತೀವ್ರಿ? ಬೀಸಾಕ ಕೂತ್ರ ಕಾಲ ಮ್ಯಾಲೆ. ಒಂದು ಕಾಲು ಚಾಚಿ ಅದರ ಮ್ಯಾಲೆ ಮಲಗಿಸಿದ್ರ ಆತು. ಕಲ್ಲಿನ ಸಪ್ಪಳಕ್ಕ ನಿದ್ದಿ ಹತ್ತತಿತ್ತು."

"ಕೈ?"

"ಕೈ ಗೂಟದ ಮ್ಯಾಲೆ ಇರ್ತಾವ," ಎಂದಳು ಅತ್ತೆ. ಎಂದವಳು ನನ್ನ ಕಡೆ ನೋಡಿದಳು. ಸೆರಗು ಕಟ್ಟಿದ ನನ್ನ ಮಣಿಕಟ್ಟಿನ ಕಡೆ ನೋಡಿದಳು. ಕೂಸನ್ನು ಬಾಯಿಯವರ ಕೈಗೆ ಕೊಟ್ಟು, ಮೂಲೆಯಲ್ಲಿದ್ದ ಬೀಸುವ ಕಲ್ಲನ್ನು ಎಳೆದು ತಂದು ನಡುಮನೆಯಲ್ಲಿ ಹಾಕಿದಳು. ಜೇಡರ ಬಲೆ ಒರೆಸಿದಳು. ಬುಟ್ಟಿಯಲ್ಲಿ ಜೋಳ ತಂದಳು. ನನ್ನ ಗಂಟು ಬಿಚ್ಚಿದಳು. "ಎದರಿಗಿ ಕೂಡು. ಗೂಟ ಹಿಡಿ. ನಂದೂ ಒಂದು ಕೈ ಇರ್ತದ" ಎಂದಳು.

ಕೂಸನ್ನು ತನ್ನ ಚಾಚಿದ ಕಾಲ ಮೇಲೆ ಹಾಕಿಕೊಂಡಳು. ಒಂದೇ ಗೂಟದ ಮೇಲೆ ನನ್ನ ಎರಡು ಕೈ, ಅವಳದೊಂದು. ಕಲ್ಲು ತಿರುಗಲು ಒಪ್ಪಲಿಲ್ಲ. ಅವಳು ಎಳೆದರೆ ನಾನು ತಡೆಯುತ್ತಿದ್ದೆ, ಅಷ್ಟು ಬಿಗಿ ಹಿಡಿದಿದ್ದೆ. "ಹಾಡಿಲ್ಲದ ಇದು ತಿರಗಂಗಿಲ್ಲ," ಎಂದಳು ಅತ್ತೆ, ಬೇಸರದಿಂದ. ಒಮ್ಮೆ ಫೋಟೋದ ಕಡೆ ನೋಡಿದಳು. "ದೇವಿ ಹೆಸರು ಹಾಕಂಗಿಲ್ಲ. ಬರೀ ನನ್ನ ಮಾತು ಹಾಕ್ತೀನಿ."

ಕಲ್ಲು ಗುರ್ ಎಂದಿತು. ಅತ್ತೆಯ ದನಿ ಒಡೆದ ಮಡಕೆಯಂತಿತ್ತು. ಮೊದಲು ಜೋಳದ ಮೇಲೆ ಏನೋ ಹಾಡಿದಳು, ಗಿರಣಿಯವನ ಮೇಲೆ ಒಂದು ಚೇಷ್ಟೆಯ ಸಾಲು ಹಾಡಿದಳು. ಬಾಯಿಯವರು ತಾವು ಹಾಡಲಿಲ್ಲ, ಹಿಡಿಹಿಡಿ ಜೋಳ ಹಾಕುತ್ತಿದ್ದರು. ಆಮೇಲೆ ಅತ್ತೆ ತಲೆ ತಗ್ಗಿಸಿದಳು.

ನೀರೀನ ಬಾವ್ಯಾಗ ನನ ಮಾರಿ ಕಂಡೀದೆ
ಯಾರಿಗಿ ಹೇಳಲಿ ನನ್ನ ಕತಿ, ಮಗನೆತ್ತಿ
ಜಾರಿಸೇನಂತ ನಡುಗೀದೆ

ನನ್ನ ಕೈ ನಿಂತವು. ಕಲ್ಲು ನಿಂತಿತು. ನನ್ನ ತಲೆಯೊಳಗಿನದು ಇವಳಿಗೆ ಹೇಗೆ ಗೊತ್ತಾಯಿತು ಎಂದುಕೊಂಡೆ, ಬಂಡಮ್ಮನ ಸರಪಳಿ ಕಣ್ಣ ಮುಂದೆ ಬಂತು. ಅತ್ತೆ ತಲೆ ಎತ್ತಲಿಲ್ಲ.

"ತಿರುಗಿಸು," ಎಂದಳು. "ನಿಂತ್ರ ಹಿಟ್ಟು ಕೆಡ್ತದ."

ತಿರುಗಿಸಿದೆ. ಗುರ್ ಎನ್ನುವ ಸದ್ದಿನೊಳಗೆ ಯಾರ ಮುಖವನ್ನೂ ನೋಡಬೇಕಾಗಿರಲಿಲ್ಲ. ಅವಳು ತನ್ನದನ್ನೇ ಹಾಡಿದ್ದಳು, ನನ್ನದನ್ನಲ್ಲ. ಎಷ್ಟು ವರ್ಷದ ಹಿಂದಿನದೋ. ನಾನೂ ದನಿ ತೆಗೆದೆ.

ಅತ್ತೀಯ ಮಾತೀಗೆ ಅಂಜಲಿಲ್ಲ ನಾನವ್ವ
ಕತ್ತಲೆಗೂ ಅಂಜಲಿಲ್ಲ, ಕೂಸೀನ
ಎತ್ತಿದ ಕೈಗೆ ಅಂಜೀದೆ

ಹೇಳಿಬಿಟ್ಟೆ. ಮೂವರು ಕೇಳಿದರು, ಕೂಸನ್ನು ಸೇರಿಸಿದರೆ. ಯಾರೂ ಎದ್ದು ಓಡಲಿಲ್ಲ. ಮತ್ತೆ ಹಾಡಿದೆ, ಬಾವಿಯನ್ನೂ ಹಾಕಿ ಹಾಡಿದೆ. ಕಣ್ಣೀರು ಹಿಟ್ಟಿನಲ್ಲಿ ಬಿತ್ತು, ಬೀಳಲಿ.

ಬುಟ್ಟಿಯ ಜೋಳ ಮುಗಿದಾಗ ಬಾಯಿಯವರು ನನಗೆ ಹೇಳಿದರು: "ಇದು ಭಾಳ ಮಂದಿ ಬಾಣಂತ್ಯಾರಿಗಿ ಬರ್ತದ, ಈಶಮ್ಮ. ಹೇಳಂಗಿಲ್ಲ ಅಷ್ಟೇ. ನಿಮ್ಮ ಕೈ ಕೂಸಿನ ಮ್ಯಾಲೆ ಸಿಟ್ಟು ಮಾಡಿಲ್ಲ. ಕೂಸಿಗಿ ಏನರ ಆದೀತು ಅಂತ ನೀವು ಹೆದರ್ಲಾಕತ್ತೀರಿ. ಗುಳಿಗಿ ಬಿಡಬ್ಯಾಡ್ರಿ. ಒಬ್ಬರೇ ಇರಬ್ಯಾಡ್ರಿ. ಹೆದರಿಕಿ ಹೆಚ್ಚಾದ್ರ ಆ ಕ್ಷಣಾನೇ ಅತ್ತೀಗಿ ಹೇಳ್ರಿ. ಬೇಕಾದ್ರ ಹಾಡಿ ಹೇಳ್ರಿ."

ಆಗಲೇ ಅಂಗಳದಲ್ಲಿ ಚಪ್ಪಲಿಯ ಸದ್ದಾಯಿತು. ಮಾಣಿಕ, ಹಿಂದೆ ಬಾಲಮಣಿ. ಅವಳ ಕೈಯಲ್ಲಿ ಒಂದು ಬಟ್ಟೆಯ ಗಂಟು. ಬಾಗಿಲಲ್ಲೇ ನಿಂತು ಕಲ್ಲು ನೋಡಿದಳು, ಕೂಸು ನೋಡಿದಳು, ಬಿಚ್ಚಿದ ನನ್ನ ಕೈ ನೋಡಿದಳು.

"ಎವ್ವಾ, ಕೂಸಿಗಿ ಈಕಿ ಸನೇಕ ಯಾಕ ತಂದೀದಿ?" ಎಂದಳು. "ಮಾಣಿಕ ಎಲ್ಲಾ ಹೇಳ್ಯಾನ. ಕೊಡು, ಮಧ್ಯಾಹ್ನದ ಬಸ್ಸಿಗೇ ಹೋಗ್ತೀನಿ."

ಕೈ ಚಾಚಿದಳು. ನನ್ನ ಬಾಯಿ ಜೋರು ಎಂದು ಹೇಳಿದೆನಲ್ಲ, ಆಗ ಅದು ಎಲ್ಲಿ ಹೋಗಿತ್ತೋ. ಗೂಟವನ್ನು ಇನ್ನೂ ಬಿಗಿ ಹಿಡಿದೆ. ಒಯ್ಯಲಿ, ಬದುಕಿಕೊಳ್ಳಲಿ ಎಂದು ಹೆದರಿಕೆ ಹೇಳಿತು. ಕೊನೆಗೆ ನನ್ನ ಬಾಯಿಂದ ಬಂದದ್ದು ಇಷ್ಟು: "ನನಗ ಹೆದರಿಕಿ ಅದ, ಅಕ್ಕ. ಇವತ್ತೂ ಅದ. ಆದ್ರ ಕೊಡಂಗಿಲ್ಲ."

"ಹುಚ್ಚಿ ಕೈಯಾಗ ಕೂಸಿಗಿ ಬಿಡ್ತೀರೇನು?" ಎಂದು ಬಾಲಮಣಿ ತಮ್ಮನ ಕಡೆ ತಿರುಗಿದಳು. ಮಾಣಿಕ ಕೂಸನ್ನು ತೆಗೆದುಕೊಳ್ಳಲು ಬಗ್ಗಿದ.

ಅತ್ತೆ ಅವನ ಮಣಿಕಟ್ಟು ಹಿಡಿದಳು. "ಈಕಿ ಹುಚ್ಚಿ ಇದ್ರ ನಾನೂ ಹುಚ್ಚಿನೇ. ಅದೇ ಬಾವಿ, ಮಾಣಿಕ. ಅವತ್ತು ನನ್ನ ಕೈಯಾಗ ಇದ್ದಿದ್ದು ನೀನು."

ಮಾಣಿಕನಿಗೆ ಕೂಡಲೇ ತಿಳಿಯಲಿಲ್ಲ. ತಿಳಿದಾಗ, ತನ್ನ ಮಣಿಕಟ್ಟು ಹಿಡಿದಿದ್ದ ತಾಯಿಯ ಕೈಯನ್ನು ನೋಡಿದ. ಹಿಟ್ಟು ಹತ್ತಿದ, ಗೆಣ್ಣು ಊದಿದ ಕೈ.

"ಯಾರಿಗಿ ಹೇಳಿದ್ದಿ?" ಎಂದ. ದನಿ ಸಣ್ಣದಾಗಿತ್ತು.

"ಯಾರಿಗಿ ಹೇಳ್ಲಿ? ಈ ಕಲ್ಲಿಗಿ ಹೇಳಿದ್ದೆ. ದಿನಾ ಬೀಸ್ತಿದ್ದೆ, ನೀ ಕಾಲ ಮ್ಯಾಲೆ ಮಲಗಿರ್ತಿದ್ದಿ. ಹೇಳಿದ್ರ ನಿನ್ನ ಕಸಗೊಂಡು ಯಾರಿಗರ ಕೊಡ್ತಿದ್ರು."

ಮಾಣಿಕ ಕೂಸನ್ನು ಎತ್ತಿಕೊಂಡ. ಅವನು ಬಾಗಿಲ ಕಡೆ ಹೋಗಲಿಲ್ಲ; ಕಲ್ಲನ್ನು ಸುತ್ತಿ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತು, "ಕಾಲು ಚಾಚು" ಎಂದ. ಚಾಚಿದೆ. ಸುಜಾತಾಳನ್ನು ನನ್ನ ಕಾಲ ಮೇಲೆ ಮಲಗಿಸಿ ತನ್ನ ಕೈ ತೆಗೆದ. ಮೊದಲು ಒಂದು ಕೈ, ಆಮೇಲೆ ಇನ್ನೊಂದು.

ಎಷ್ಟು ಭಾರವಾಗಿತ್ತು ನನ್ನ ಕೂಸು. ನಾನು ಎತ್ತದ ದಿನಗಳಲ್ಲಿ ಬೆಳೆದುಬಿಟ್ಟಿತ್ತು.

ಬಾಲಮಣಿ ನಿಂತೇ ಇದ್ದಳು. ಅವಳ ಕಣ್ಣು ತುಂಬಿದ್ದವು, ಕೂಸಿನ ಮೇಲಿನ ಅವಳ ಆಸೆಯೂ ಸುಳ್ಳಲ್ಲ. ಗಂಟು ಬಿಚ್ಚಿ, ತಾನೇ ಹೊಲಿದ ಕೆಂಪು ಕುಂಚಿಗೆ ತೆಗೆದು, ಬಗ್ಗಿ ಕೂಸಿನ ತಲೆಗೆ ಕಟ್ಟಿದಳು. ಬಾಯಿಯವರು ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಅವಳು ಕೂತಳು.

ಅತ್ತೆ ಇನ್ನೊಂದು ಬುಟ್ಟಿ ಜೋಳ ತಂದಿಟ್ಟು ಗೂಟಕ್ಕೆ ಕೈ ಹಾಕಿದಳು. ಹೆದರಿಕೆ ನನ್ನ ಹೊಟ್ಟೆಯಲ್ಲಿ ಇದ್ದಲ್ಲೇ ಇತ್ತು, ಒಂದು ಹಿಡಿಯಷ್ಟೂ ಕಡಿಮೆಯಾಗಿರಲಿಲ್ಲ. ಕೂಸು ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿತ್ತು.

"ಹಾಡು," ಎಂದಳು ಅತ್ತೆ.

ಹೆದರುತ್ತಲೇ ಹಾಡಿದೆ. ಕಲ್ಲು ತಿರುಗಿತು.